ಜಿಯುಐ ಟೂಲ್‌ಕಿಟ್: ವಿಜೆಟ್‌ಗಳ ಪಟ್ಟಿಯ ಕೆಳಗೆ ಇರುವುದೇನು?

ಪ್ರಶ್ನೆ: ಕಮಾಂಡ್ ಲೈನ್‌ನಲ್ಲಿ ನಡೆಯುವ ಪ್ರೋಗ್ರಾಂಗಳನ್ನು ಬರೆಯಲು ನನಗೆ ಬರುತ್ತದೆ. ಈಗ ವಿಂಡೋ, ಬಟನ್‌ಗಳಿರುವ ಅಪ್ಲಿಕೇಶನ್ ಬರೆಯಲು ಹೊರಟಿದ್ದೇನೆ. ಇಂತಹ ಚಿತ್ರಾತ್ಮಕ ಇಂಟರ್‌ಫೇಸ್ (ಜಿಯುಐ) ಕಟ್ಟಲು ಸಿದ್ಧ ಕೋಡ್ ಒದಗಿಸುವ ಪ್ರತಿಯೊಂದು ಟೂಲ್‌ಕಿಟ್‌ನ ಕೈಪಿಡಿಯಲ್ಲೂ ನೂರಾರು ಕ್ಲಾಸ್‌ಗಳಿವೆ, ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ಇಲ್ಲ. ಇವೆಲ್ಲದರ ತಳದಲ್ಲಿರುವ ಮೂಲ ಘಟಕಗಳು ಯಾವುವು? ನಾನು ಬರೆದ ಮೊದಲ ಪ್ರೋಗ್ರಾಂ ದೊಡ್ಡ ಫೈಲ್ ಓದುವಾಗ ಪೂರ್ತಿ ಸ್ತಬ್ಧವಾಗಿಬಿಡುತ್ತದೆ, ಅದೇಕೆ? ಹಳೆಯ ಮಾದರಿಯ ಟೂಲ್‌ಕಿಟ್ ಕಲಿಯಬೇಕೋ, ಪರದೆ ಹೇಗಿರಬೇಕೆಂದು ವಿವರಿಸಿದರೆ ಸಾಕೆನ್ನುವ ಈಗಿನ ಡಿಕ್ಲರೇಟಿವ್ ಮಾದರಿಯದನ್ನೇ ಹಿಡಿಯಬೇಕೋ?

ಉತ್ತರ: ಕ್ಲಾಸ್‌ಗಳ ಸಂಖ್ಯೆ ನೋಡಿ ಎದೆಗುಂದಬೇಕಾಗಿಲ್ಲ. ಕೈಪಿಡಿಯ ಬಹುಪಾಲು ಪುಟಗಳು ಬಟನ್, ಚೆಕ್‌ಬಾಕ್ಸ್, ಸ್ಲೈಡರ್, ಮೆನು ಮುಂತಾದ ಸಿದ್ಧ ವಿಜೆಟ್‌ಗಳಿಗೆ ಮೀಸಲಾಗಿರುವುದರಿಂದ, ಕಲಿಯುವವರು ಆ ಪಟ್ಟಿಯನ್ನೇ ಟೂಲ್‌ಕಿಟ್ ಎಂದು ಭಾವಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಮೊದಲಿಗೆ ಬದಿಗಿಡಬೇಕಾದದ್ದು ಅದೇ ಪಟ್ಟಿಯನ್ನು. ಅದರ ಕೆಳಗೆ ಆಯತಗಳ ಒಂದು ಮರವಿದೆ, ಆ ಮರಕ್ಕೆ ಸುದ್ದಿ ಮುಟ್ಟಿಸುವ ಒಂದು ಲೂಪ್ ಇದೆ, ಜಾಗ ಹಂಚುವ ಒಂದು ಪದ್ಧತಿಯಿದೆ, ಬದಲಾದ ಭಾಗವನ್ನು ಮತ್ತೆ ಚಿತ್ರಿಸುವ ಒಂದು ಕ್ರಮವಿದೆ. ಇಷ್ಟು ತಿಳಿದವರು ಯಾವ ಟೂಲ್‌ಕಿಟ್‌ಗೆ ಹೋದರೂ ಹುಡುಕಬೇಕಾಗುವುದು ಹೆಸರುಗಳನ್ನು ಮಾತ್ರ.

ಹೆಸರುಗಳು ಇಷ್ಟೊಂದು ಬೇರೆಬೇರೆಯಾಗಿರುವುದಕ್ಕೆ ಇತಿಹಾಸದಲ್ಲಿ ಕಾರಣವಿದೆ. 1984ರಲ್ಲಿ ಬಂದ ಮ್ಯಾಕಿಂಟಾಷ್ ತನ್ನ ವಿಂಡೋ, ಮೆನು, ಬಟನ್‌ಗಳ ಕೋಡ್ ಅನ್ನು ಓದಲು ಮಾತ್ರ ಬರುವ ಮೆಮೊರಿ (ROM) ಚಿಪ್‌ನಲ್ಲೇ ಇಟ್ಟುಕೊಂಡಿತ್ತು, ಆದ್ದರಿಂದ ಅದಕ್ಕೆ ಬರೆದ ಪ್ರೋಗ್ರಾಂಗಳೆಲ್ಲ ಒಂದೇ ರೀತಿ ಕಾಣುತ್ತಿದ್ದವು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಕ್ಸ್ ವಿಂಡೋ ಸಿಸ್ಟಂ ಇದಕ್ಕೆ ತದ್ವಿರುದ್ಧ. ಪರದೆಯ ಮೇಲೆ ಆಯತಗಳನ್ನು ತೆರೆದು, ಗೆರೆ ಎಳೆದು, ಕೀಬೋರ್ಡ್ ಮತ್ತು ಮೌಸ್‌ನ ಸುದ್ದಿ ತಲುಪಿಸುವ ಸೌಕರ್ಯವನ್ನಷ್ಟೇ ಅದು ಕೊಟ್ಟಿತು, ಬಟನ್ ಹೇಗಿರಬೇಕೆಂಬುದನ್ನು ಉದ್ದೇಶಪೂರ್ವಕವಾಗಿಯೇ ಇತರರಿಗೆ ಬಿಟ್ಟಿತು. ಆ ಖಾಲಿ ಜಾಗವನ್ನು ಅಥೀನಾ, ಮೋಟಿಫ್, ಟಿಕೆ, ಕ್ಯೂಟಿ, ಜಿಟಿಕೆ ಎಂದು ಒಂದರ ಹಿಂದೆ ಒಂದು ಟೂಲ್‌ಕಿಟ್ ಬಂದು ತುಂಬಿದವು. ವಿಂಡೋಸ್‌ನಲ್ಲಿ ಕಂಟ್ರೋಲ್ ಎಂದು ಕರೆಯುವುದನ್ನೇ ಇವು ವಿಜೆಟ್ ಎಂದವು, ಆಂಡ್ರಾಯ್ಡ್ ಮುಂದೆ ವ್ಯೂ ಎಂದಿತು.

ವಿಜೆಟ್ ಎಂದರೆ ಒಂದು ಆಯತ. ಅದನ್ನು ಒಳಗೊಂಡ ಒಂದು ತಾಯಿ ವಿಜೆಟ್ ಇರುತ್ತದೆ, ಸಾಮಾನ್ಯವಾಗಿ ತಾಯಿಯ ಎಡ ಮೇಲ್ಮೂಲೆಯಿಂದ ಅಳೆದ ಸ್ಥಾನವಿರುತ್ತದೆ, ತನ್ನನ್ನು ತಾನು ಚಿತ್ರಿಸಿಕೊಳ್ಳುವ ಮತ್ತು ತನಗೆ ಬಂದ ಸುದ್ದಿಯನ್ನು ನಿಭಾಯಿಸುವ ಕೋಡ್ ಇರುತ್ತದೆ. ಮರದ ಬುಡದಲ್ಲಿರುವುದು ವಿಂಡೋ. ಸ್ಥಾನವನ್ನು ತಾಯಿಯಿಂದ ಅಳೆಯುವುದು ಚಿಕ್ಕ ಸಂಗತಿಯಂತೆ ಕಂಡರೂ ಅದರ ಪ್ರಯೋಜನ ದೊಡ್ಡದು: ಒಂದು ಪ್ಯಾನೆಲ್ ಅನ್ನು ಸರಿಸಿದರೆ ಅದರೊಳಗಿನ ಇಪ್ಪತ್ತು ವಿಜೆಟ್‌ಗಳ ಸ್ಥಾನವನ್ನು ಯಾರೂ ತಿದ್ದಬೇಕಾಗುವುದಿಲ್ಲ. ತಾಯಿಯನ್ನು ಮರೆಮಾಡಿದರೆ ಮಕ್ಕಳೂ ಮರೆಯಾಗುತ್ತವೆ, ನಿಷ್ಕ್ರಿಯಗೊಳಿಸಿದರೆ ಮಕ್ಕಳೂ ನಿಷ್ಕ್ರಿಯವಾಗುತ್ತವೆ. ಕ್ಯೂಟಿಯಲ್ಲಿ ತಾಯಿಯನ್ನು ಅಳಿಸಿದಾಗ ಮಕ್ಕಳ ಮೆಮೊರಿಯನ್ನೂ ಅದೇ ಬಿಡುಗಡೆ ಮಾಡುತ್ತದೆ. ಹಿಂದೆ ಪ್ರತಿಯೊಂದು ಬಟನ್‌ಗೂ ಆಪರೇಟಿಂಗ್ ಸಿಸ್ಟಂನ ದೃಷ್ಟಿಯಲ್ಲಿ ಸ್ವತಂತ್ರ ವಿಂಡೋ ಇರುತ್ತಿತ್ತು. ಪ್ರೋಗ್ರಾಂಗಳು ಕರೆಯಲೆಂದು ವಿಂಡೋಸ್ ಕೊಡುವ ಮೂಲ ಫಂಕ್ಷನ್‌ಗಳ ಗುಂಪಿನಲ್ಲಿ (ಎಪಿಐ) ಇಂದಿಗೂ ಬಟನ್ ಸೃಷ್ಟಿಸುವುದು ವಿಂಡೋ ಸೃಷ್ಟಿಸುವ ಫಂಕ್ಷನ್‌ನಿಂದಲೇ. 2008ರ ಕ್ಯೂಟಿ 4.4 ಈ ಪದ್ಧತಿಯನ್ನು ಬಿಟ್ಟು, ಹೊರಗಿನ ವಿಂಡೋ ಒಂದನ್ನು ಮಾತ್ರ ಸಿಸ್ಟಂನಿಂದ ಪಡೆದು, ಒಳಗಿನ ಮರವನ್ನೆಲ್ಲ ತಾನೇ ನೋಡಿಕೊಳ್ಳತೊಡಗಿತು. ಇಂದು ಹೆಚ್ಚಿನವು ಇದೇ ದಾರಿಯಲ್ಲಿವೆ. ಕೈಪಿಡಿಗಳಲ್ಲಿ ಕಂಟೇನರ್ (ಇತರ ವಿಜೆಟ್‌ಗಳನ್ನು ಒಳಗಿಟ್ಟುಕೊಳ್ಳುವುದು) ಮತ್ತು ವಿಜೆಟ್ ಎಂಬ ಭೇದ ಕಂಡರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. 2020ರ ಕೊನೆಗೆ ಬಂದ ಜಿಟಿಕೆ 4 ಕಂಟೇನರ್ ಎಂಬ ಮೂಲ ಕ್ಲಾಸ್ ಅನ್ನೇ ತೆಗೆದುಹಾಕಿತು, ಈಗ ಅಲ್ಲಿ ಯಾವ ವಿಜೆಟ್ ಬೇಕಾದರೂ ಮಕ್ಕಳನ್ನು ಹೊಂದಬಹುದು.

ಒಂದು ವಿಜೆಟ್‌ನೊಳಗೆ ಎಷ್ಟು ಕೆಲಸ ಅಡಗಿದೆ ಎಂಬುದಕ್ಕೆ ಸಾಮಾನ್ಯ ಬಟನ್ ಅನ್ನೇ ನೋಡಿ. ಮೌಸ್ ಅದರ ಮೇಲೆ ಬಂದಾಗ ಬಣ್ಣ ಬದಲಾಗಬೇಕು. ಒತ್ತಿದಾಗ ಒಳಗೆ ಕುಸಿದಂತೆ ಕಾಣಬೇಕು, ಆದರೆ ಕೆಲಸ ಆಗಬೇಕಾದದ್ದು ಒತ್ತಿದ ಕ್ಷಣದಲ್ಲಲ್ಲ, ಬಿಟ್ಟ ಕ್ಷಣದಲ್ಲಿ. ಒತ್ತಿದ ಮೇಲೆ ಮನಸ್ಸು ಬದಲಾಯಿಸಿ ಮೌಸ್ ಅನ್ನು ಹೊರಗೆಳೆದು ಬಿಟ್ಟರೆ ಏನೂ ಆಗಬಾರದು, ಹೊರಗೆ ಹೋಗಿ ಮತ್ತೆ ಒಳಗೆ ಬಂದು ಬಿಟ್ಟರೆ ಆಗಬೇಕು. ಅಂದರೆ ಮೌಸ್ ತನ್ನ ಆಯತದಾಚೆ ಇದ್ದಾಗಲೂ ಅದರ ಸುದ್ದಿ ಈ ಬಟನ್‌ಗೇ ಬರುತ್ತಿರಬೇಕು. ಮೌಸ್ ಹಿಡಿತ ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿ. ಇದರ ಜೊತೆಗೆ ಟ್ಯಾಬ್ ಕೀ ಒತ್ತಿದಾಗ ಫೋಕಸ್ (ಕೀಬೋರ್ಡ್‌ನ ಸುದ್ದಿ ಪಡೆಯುವ ಸರದಿ) ಬರಬೇಕು, ಫೋಕಸ್ ಇದ್ದಾಗ ಸ್ಪೇಸ್ ಕೀಯಿಂದಲೂ ಕೆಲಸವಾಗಬೇಕು, ನಿಷ್ಕ್ರಿಯವಾಗಿದ್ದಾಗ ಇವು ಯಾವುವೂ ನಡೆಯಬಾರದು. ಸಿದ್ಧ ವಿಜೆಟ್ ಬಳಸದೆ ಬಣ್ಣದ ಆಯತವೊಂದಕ್ಕೆ ಕ್ಲಿಕ್ ಜೋಡಿಸಿ ಬಟನ್ ಎಂದು ಕರೆಯುವ ಅಪ್ಲಿಕೇಶನ್‌ಗಳು ಕೈಗೆ ವಿಚಿತ್ರವೆನಿಸುವುದು ಈ ನಡವಳಿಕೆಗಳಲ್ಲಿ ಒಂದೆರಡು ಬಿಟ್ಟುಹೋಗಿರುವುದರಿಂದಲೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕಮಾಂಡ್ ಲೈನ್ ಪ್ರೋಗ್ರಾಂನಲ್ಲಿ ಮುಂದೇನು ನಡೆಯಬೇಕೆಂದು ನಿರ್ಧರಿಸುವುದು ನಿಮ್ಮ ಕೋಡ್. ಜಿಯುಐ ಪ್ರೋಗ್ರಾಂನಲ್ಲಿ ಆ ಅಧಿಕಾರ ಈವೆಂಟ್ ಲೂಪ್‌ನದು. ಸಿಸ್ಟಂ ಕಳಿಸಿದ ಸುದ್ದಿಗಳು, ಅಂದರೆ ಈವೆಂಟ್‌ಗಳು, ಒಂದು ಸಾಲಿನಲ್ಲಿ ನಿಂತಿರುತ್ತವೆ. ಲೂಪ್ ಒಂದನ್ನು ತೆಗೆದುಕೊಂಡು, ಅದು ಮೌಸ್‌ನ ಸುದ್ದಿಯಾದರೆ ಆ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲಿರುವ ವಿಜೆಟ್ ಯಾವುದೆಂದು ಮರದಲ್ಲಿ ಇಳಿದು ಹುಡುಕಿ, ಕೀಬೋರ್ಡ್‌ನ ಸುದ್ದಿಯಾದರೆ ಫೋಕಸ್ ಯಾರಲ್ಲಿದೆಯೆಂದು ನೋಡಿ, ಅವರಿಗೆ ಒಪ್ಪಿಸುತ್ತದೆ. ಆ ವಿಜೆಟ್ ತನಗೆ ಬೇಡವೆಂದರೆ ಸುದ್ದಿ ತಾಯಿಗೆ ಹೋಗುತ್ತದೆ, ಅಲ್ಲಿಂದ ಅಜ್ಜಿಗೆ. ಒಪ್ಪಿಸಿದ ಕೆಲಸ ಮುಗಿದು ಹಿಡಿತ ಮರಳುವವರೆಗೆ ಲೂಪ್ ಮುಂದಿನ ಸುದ್ದಿಯನ್ನು ತೆಗೆಯುವುದಿಲ್ಲ. ನಿಮ್ಮ ಕ್ಲಿಕ್ ಫಂಕ್ಷನ್ ಫೈಲ್ ಓದುತ್ತಾ ಹತ್ತು ಸೆಕೆಂಡ್ ಕೂತರೆ ಆ ಹತ್ತು ಸೆಕೆಂಡ್ ಯಾವ ಮೌಸ್ ಚಲನೆಗೂ ಉತ್ತರವಿಲ್ಲ, ಪರದೆಯನ್ನು ಮತ್ತೆ ಚಿತ್ರಿಸಬೇಕೆಂಬ ಸುದ್ದಿಗೂ ಉತ್ತರವಿಲ್ಲ. ಪ್ರೋಗ್ರಾಂ ಐದು ಸೆಕೆಂಡ್ ಕಾಲ ಸುದ್ದಿ ತೆಗೆಯದಿದ್ದರೆ ವಿಂಡೋಸ್ ಅದನ್ನು ಸ್ಪಂದಿಸುತ್ತಿಲ್ಲವೆಂದು ಗುರುತಿಸುತ್ತದೆ, ಆಂಡ್ರಾಯ್ಡ್ ಕೂಡ ಸ್ಪರ್ಶಕ್ಕೆ ಐದು ಸೆಕೆಂಡ್‌ನಲ್ಲಿ ಉತ್ತರ ಬಾರದಿದ್ದರೆ ಎಚ್ಚರಿಕೆ ತೋರಿಸುತ್ತದೆ.

ಪರಿಹಾರವೆಂದರೆ ಫೈಲ್ ಓದುವ ಕೆಲಸವನ್ನು ಬೇರೊಂದು ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಂನೊಳಗೆ ಸಮಾನಾಂತರವಾಗಿ ಸಾಗುವ ಇನ್ನೊಂದು ಕೆಲಸದ ಎಳೆಗೆ ವಹಿಸುವುದು. ಆದರೆ ಆ ಥ್ರೆಡ್‌ನಿಂದ ವಿಜೆಟ್‌ಗಳನ್ನು ನೇರವಾಗಿ ಮುಟ್ಟಬಾರದು. ಬಹುತೇಕ ಎಲ್ಲ ಟೂಲ್‌ಕಿಟ್‌ಗಳೂ ಮರವನ್ನು ಒಂದೇ ಥ್ರೆಡ್‌ನ ಸೊತ್ತಾಗಿ ಇಟ್ಟಿರುವುದು ಸೋಮಾರಿತನದಿಂದಲ್ಲ. ಈವೆಂಟ್‌ಗಳು ಸಿಸ್ಟಂನಿಂದ ಹೊರಟು ಟೂಲ್‌ಕಿಟ್ ಮೂಲಕ ನಿಮ್ಮ ಕೋಡ್‌ವರೆಗೆ ಮೇಲಕ್ಕೆ ಬರುತ್ತವೆ, ನಿಮ್ಮ ಕೋಡ್‌ನ ಆಜ್ಞೆಗಳು ಅದೇ ಹಾದಿಯಲ್ಲಿ ಕೆಳಕ್ಕೆ ಹೋಗುತ್ತವೆ. ಒಮ್ಮೆಗೆ ಒಂದೇ ಥ್ರೆಡ್ ಒಳಹೋಗಲು ಬಿಡುವ ಲಾಕ್ ಅನ್ನು ಪ್ರತಿ ಹಂತದಲ್ಲೂ ಹಾಕಲು ಹೊರಟರೆ ಒಂದು ಥ್ರೆಡ್ ಲಾಕ್‌ಗಳನ್ನು ಕೆಳಗಿನಿಂದ, ಇನ್ನೊಂದು ಮೇಲಿನಿಂದ ಹಿಡಿಯುತ್ತಾ ಬಂದು, ಇಬ್ಬರೂ ಇನ್ನೊಬ್ಬರ ಲಾಕ್‌ಗಾಗಿ ಕಾಯುತ್ತಾ ನಿಂತುಬಿಡುತ್ತಾರೆ. ಆದ್ದರಿಂದ ಕೆಲಸದ ಥ್ರೆಡ್ ತನ್ನ ಫಲಿತಾಂಶವನ್ನು ಅದೇ ಈವೆಂಟ್ ಸಾಲಿಗೆ ಒಂದು ಸುದ್ದಿಯಾಗಿ ಸೇರಿಸಬೇಕು. ಜಾವಾದ ಟೂಲ್‌ಕಿಟ್ ಸ್ವಿಂಗ್‌ನ ಇನ್ವೋಕ್‌ಲೇಟರ್, ಆಂಡ್ರಾಯ್ಡ್‌ನ ಹ್ಯಾಂಡ್ಲರ್, ಥ್ರೆಡ್‌ಗಳ ನಡುವೆ ಕ್ಯೂಟಿ ಸಿಗ್ನಲ್‌ಗಳನ್ನು ಸಾಲಿಗೆ ಹಾಕುವ ಕ್ರಮ, ಇವೆಲ್ಲ ಇದೇ ಕೆಲಸದ ಬೇರೆಬೇರೆ ರೂಪಗಳು. ಇಲ್ಲಿ ಇನ್ನೊಂದು ಅಪಾಯವಿದೆ: ಓದಿದ ಪ್ರತಿ ಸಾಲಿಗೂ ಒಂದು ಸುದ್ದಿ ಕಳಿಸಿದರೆ ಲಕ್ಷಾಂತರ ಸುದ್ದಿಗಳಲ್ಲಿ ಲೂಪ್ ಮುಳುಗಿ, ಥ್ರೆಡ್ ಬೇರೆಯಾಗಿದ್ದರೂ ಪ್ರೋಗ್ರಾಂ ಮತ್ತೆ ಸ್ತಬ್ಧವಾಗುತ್ತದೆ. ಸೆಕೆಂಡಿಗೆ ಹತ್ತು ಸಲ ಪ್ರಗತಿ ತಿಳಿಸಿದರೆ ಕಣ್ಣಿಗೆ ಸಾಕು. ಥ್ರೆಡ್ ಗೋಜಲೇ ಬೇಡವೆಂದು ಓದುವ ಮಧ್ಯೆ ಲೂಪ್ ಅನ್ನು ಕೈಯಾರೆ ಒಂದು ಸುತ್ತು ತಿರುಗಿಸುವ ಉಪಾಯವೂ ಪ್ರಚಾರದಲ್ಲಿದೆ. ಅದನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಮೊದಲ ಓದು ಮುಗಿಯುವ ಮೊದಲೇ ಬಳಕೆದಾರರು ಅದೇ ಬಟನ್ ಅನ್ನು ಮತ್ತೆ ಒತ್ತಬಹುದು, ವಿಂಡೋವನ್ನೇ ಮುಚ್ಚಿಬಿಡಬಹುದು.

ಆರಂಭಿಕರು ಅತಿ ಹೆಚ್ಚು ಕಷ್ಟಪಡುವುದು ಲೇಔಟ್‌ನಲ್ಲಿ, ಅಂದರೆ ಜಾಗ ಹಂಚುವ ಪದ್ಧತಿಯಲ್ಲಿ, ಅತಿ ಕಡಿಮೆ ಓದುವುದೂ ಅದರ ಬಗ್ಗೆಯೇ. ಬಟನ್ ಅನ್ನು ಇಂತಿಷ್ಟು ಪಿಕ್ಸೆಲ್ ಎಡಕ್ಕೆ, ಇಂತಿಷ್ಟು ಕೆಳಕ್ಕೆ ಎಂದು ಅಂಕಿ ಹಾಕಿ ಕೂರಿಸಿದರೆ ನಿಮ್ಮ ಪರದೆಯಲ್ಲಿ ಅಂದವಾಗಿಯೇ ಕಾಣುತ್ತದೆ. ಫಾಂಟ್ ದೊಡ್ಡದಾದಾಗ, ಭಾಷೆ ಬದಲಾಗಿ ಬರಹ ಉದ್ದವಾದಾಗ, ವಿಂಡೋ ಹಿಗ್ಗಿದಾಗ ಅದು ಕೆಡುತ್ತದೆ. ಆದ್ದರಿಂದ ಸ್ಥಾನವನ್ನು ನೀವು ಹೇಳುವುದಿಲ್ಲ, ನಿಯಮವನ್ನು ಹೇಳುತ್ತೀರಿ. ಒಂದು ಸಾಲಿನಲ್ಲಿ ಲೇಬಲ್, ಬರೆಯುವ ಪೆಟ್ಟಿಗೆ, ಬಟನ್ ಇವೆ ಎಂದುಕೊಳ್ಳಿ. ಲೇಬಲ್‌ಗೆ 80 ಪಿಕ್ಸೆಲ್, ಬಟನ್‌ಗೆ 100 ಬೇಕು, ನಡುವಿನ ಎರಡು ತೆರಪುಗಳಿಗೆ ಹತ್ತು ಹತ್ತು. ವಿಂಡೋ 600 ಅಗಲವಿದ್ದರೆ ಉಳಿದ 400 ಪೆಟ್ಟಿಗೆಗೆ ಸಿಗುತ್ತದೆ, 800ಕ್ಕೆ ಹಿಗ್ಗಿದರೆ ಹೆಚ್ಚಾದ 200 ಪೂರ್ತಿ ಪೆಟ್ಟಿಗೆಗೇ ಹೋಗುತ್ತದೆ, ಏಕೆಂದರೆ ಹಿಗ್ಗುವ ಗುಣವನ್ನು ಅದಕ್ಕೆ ಮಾತ್ರ ಕೊಟ್ಟಿದ್ದೀರಿ. ಪೆಟ್ಟಿಗೆಯ ಕನಿಷ್ಠ ಅಗಲ 120 ಎಂದಿದ್ದರೆ ಇಡೀ ಸಾಲು 320ಕ್ಕಿಂತ ಕುಗ್ಗಲಾರದು, ಆ ಮಿತಿ ಮರದಲ್ಲಿ ಮೇಲೇರಿ ವಿಂಡೋದ ಕನಿಷ್ಠ ಗಾತ್ರವನ್ನೂ ನಿರ್ಧರಿಸುತ್ತದೆ. ಮಕ್ಕಳು ತಮ್ಮ ಕನಿಷ್ಠ ಮತ್ತು ಅಪೇಕ್ಷಿತ ಗಾತ್ರವನ್ನು ಹೇಳುತ್ತವೆ, ತಾಯಿ ಕೊನೆಯ ತೀರ್ಮಾನ ಮಾಡುತ್ತದೆ. ಗೂಗಲ್‌ನ ಟೂಲ್‌ಕಿಟ್ ಫ್ಲಟರ್‌ನ ಕೈಪಿಡಿ ಇದನ್ನು ಮಿತಿಗಳು ಕೆಳಗಿಳಿಯುತ್ತವೆ, ಗಾತ್ರಗಳು ಮೇಲೇರುತ್ತವೆ, ಸ್ಥಾನವನ್ನು ತಾಯಿ ಗೊತ್ತುಮಾಡುತ್ತದೆ ಎಂಬ ಸೂತ್ರವಾಗಿ ಕೊಡುತ್ತದೆ. ಟಿಕೆಯ ಪ್ಯಾಕ್ ಮತ್ತು ಗ್ರಿಡ್, ಕ್ಯೂಟಿಯ ಬಾಕ್ಸ್ ಲೇಔಟ್‌ಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಇದರಲ್ಲಿ ನಿಜವಾದ ತೊಡಕು ಬರುವುದು ಸಾಲು ಮುರಿಯುವ ಬರಹದಿಂದ. ಪ್ಯಾರಾಗ್ರಾಫ್ ಒಂದಕ್ಕೆ ನಿನಗೆಷ್ಟು ಎತ್ತರ ಬೇಕೆಂದು ಕೇಳಿದರೆ, ಮೊದಲು ಅಗಲ ಹೇಳಿ ಎನ್ನುತ್ತದೆ. ಅಗಲ ಕಡಿಮೆಯಾದಷ್ಟೂ ಎತ್ತರ ಹೆಚ್ಚು. ಹೀಗಾಗಿ ಕೆಲವು ಲೇಔಟ್‌ಗಳು ಮಕ್ಕಳನ್ನು ಎರಡೆರಡು ಸಲ ಅಳೆಯುತ್ತವೆ. ಅಂತಹ ಲೇಔಟ್‌ಗಳನ್ನು ಒಂದರೊಳಗೊಂದು ಹತ್ತು ಹಂತ ಇಟ್ಟರೆ ತೀರಾ ಒಳಗಿನ ವಿಜೆಟ್ ಅನ್ನು 1024 ಸಲ ಅಳೆಯಬೇಕಾಗುತ್ತದೆ. ಆಂಡ್ರಾಯ್ಡ್‌ನ ಹಳೆಯ ಲೇಔಟ್‌ಗಳಲ್ಲಿ ತೂಕ (ಉಳಿದ ಜಾಗದಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದು) ನಿಗದಿ ಮಾಡಿ ಗೂಡೊಳಗೆ ಗೂಡು ಕಟ್ಟಿದವರಿಗೆ ಇದರ ಅನುಭವವಿರುತ್ತದೆ. ಅದೇ ಕಾರಣಕ್ಕೆ ಅದರ ನಂತರದ ಜೆಟ್‌ಪ್ಯಾಕ್ ಕಂಪೋಸ್ ಒಂದು ಸುತ್ತಿನಲ್ಲಿ ಮಗುವನ್ನು ಒಂದೇ ಸಲ ಅಳೆಯಬೇಕೆಂಬ ಕಟ್ಟಳೆ ಹಾಕಿದೆ, ಎರಡನೆಯ ಸಲ ಅಳೆಯಲು ಹೋದರೆ ದೋಷ ಎಸೆಯುತ್ತದೆ. ಇನ್ನೊಂದು ಬಗೆಯ ಲೇಔಟ್ ಇದೆ: ಈ ಬಟನ್‌ನ ಎಡ ಅಂಚು ಆ ಲೇಬಲ್‌ನ ಬಲ ಅಂಚಿನಿಂದ ಎಂಟು ಪಿಕ್ಸೆಲ್ ದೂರ ಎಂಬಂತಹ ಸಮೀಕರಣಗಳನ್ನು ಬರೆದು, ಬಿಡಿಸುವ ಕೆಲಸವನ್ನು ಟೂಲ್‌ಕಿಟ್‌ಗೆ ಬಿಡುವುದು. ಕ್ಯಾಸೊವರಿ ಎಂಬ ಅಲ್ಗಾರಿದಂ ಆಧರಿಸಿದ ಇಂಥದೊಂದು ವ್ಯವಸ್ಥೆಯನ್ನು ಆಪಲ್ 2011ರಲ್ಲಿ ಮ್ಯಾಕ್‌ಗೆ ತಂದಿತು. ಅದರ ಶಕ್ತಿ ದೊಡ್ಡದು, ಆದರೆ ಪರಸ್ಪರ ವಿರುದ್ಧವಾದ ಎರಡು ಸಮೀಕರಣ ಸೇರಿಕೊಂಡಿರುವುದು ಪ್ರೋಗ್ರಾಂ ನಡೆಯುವಾಗಷ್ಟೇ ಗೊತ್ತಾಗುತ್ತದೆ. ಕಲಿಕೆಯ ಹಂತದಲ್ಲಿ ನಾನು ಅಡ್ಡಸಾಲು, ಉದ್ದಸಾಲು, ಗ್ರಿಡ್ ಈ ಮೂರನ್ನೇ ಶಿಫಾರಸು ಮಾಡುತ್ತೇನೆ. ಇವುಗಳಲ್ಲಿ ಆಗದ ವಿನ್ಯಾಸಗಳು ತೀರಾ ಕಡಿಮೆ.

ಚಿತ್ರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ವಿಜೆಟ್ ತನಗೆ ಬೇಕೆನಿಸಿದಾಗ ಪರದೆಯ ಮೇಲೆ ಬರೆಯುವುದಿಲ್ಲ, ನನ್ನ ಇಷ್ಟು ಭಾಗ ಹಳತಾಗಿದೆ ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ಟೂಲ್‌ಕಿಟ್ ಅಂತಹ ಗುರುತುಗಳನ್ನೆಲ್ಲ ಕೂಡಿಸಿ, ಬಿಡುವಾದಾಗ ತಾಯಿಯಿಂದ ಮಕ್ಕಳಿಗೆ ಇಳಿಯುತ್ತಾ ಒಮ್ಮೆಗೇ ಚಿತ್ರಿಸುತ್ತದೆ. ವಿಂಡೋಸ್‌ನಲ್ಲಿ ಚಿತ್ರಿಸುವ ಸುದ್ದಿ ಬರುವುದು ಸಾಲಿನಲ್ಲಿ ಬೇರೆ ಸುದ್ದಿ ಇಲ್ಲದಿದ್ದಾಗ ಮಾತ್ರ. ಆದ್ದರಿಂದಲೇ ಒಂದು ಫಂಕ್ಷನ್‌ನಲ್ಲಿ ಲೇಬಲ್‌ನ ಬರಹವನ್ನು ನೂರು ಸಲ ಬದಲಾಯಿಸಿದರೂ ಕಣ್ಣಿಗೆ ಬೀಳುವುದು ಕೊನೆಯದೊಂದೇ. ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯಲ್ಲಿ ಲೇಔಟ್ ಮತ್ತು ಚಿತ್ರಣ ಎರಡಕ್ಕೂ ಸೇರಿ ಇರುವ ಅವಕಾಶ ಸುಮಾರು 16.7 ಮಿಲಿಸೆಕೆಂಡ್, 120 ಸಲದ ಪರದೆಯಲ್ಲಿ ಅದರ ಅರ್ಧ.

ಸಿದ್ಧ ವಿಜೆಟ್‌ಗಳನ್ನು ಬದಿಗಿಡಿ ಎಂದೆನಾದರೂ ಒಂದನ್ನು ಹೊರತುಪಡಿಸಬೇಕು. ಬರೆಯುವ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಸ್ವತಃ ಕಟ್ಟಲು ಹೋಗಬೇಡಿ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದು ಅಕ್ಷರ. ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳು, ಅವನ್ನು ಫೈಲ್‌ನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ 18 ಬೈಟ್‌ಗಳು. ಬಾಣದ ಕೀ ಒಮ್ಮೆ ಒತ್ತಿದರೆ ಕರ್ಸರ್ ಆ ಆರನ್ನೂ ದಾಟಬೇಕು, ಮೌಸ್‌ನಿಂದ ಅದರ ಅರ್ಧವನ್ನು ಆಯ್ದುಕೊಳ್ಳಲು ಆಗಬಾರದು, ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂರಬೇಕು. ಈ ಕೊನೆಯ ಕೆಲಸವನ್ನು ಜಿಟಿಕೆ, ಕ್ಯೂಟಿ, ಆಂಡ್ರಾಯ್ಡ್ ಮೂರೂ ಹಾರ್ಫ್‌ಬಜ್ ಎಂಬ ಲೈಬ್ರರಿಗೆ ವಹಿಸುತ್ತವೆ. ಇದರ ಮೇಲೆ ಬಲದಿಂದ ಎಡಕ್ಕೆ ಸಾಗುವ ಲಿಪಿಗಳು, ಕೀಲಿಗಳನ್ನು ಬೇರೆ ಲಿಪಿಯ ಅಕ್ಷರಗಳಾಗಿಸುವ ಇನ್‌ಪುಟ್ ಮೆಥಡ್, ಕ್ಲಿಪ್‌ಬೋರ್ಡ್, ರದ್ದುಗೊಳಿಸುವ ಇತಿಹಾಸ ಎಲ್ಲವೂ ಸೇರುತ್ತವೆ. ಹೊಸ ಟೂಲ್‌ಕಿಟ್‌ನ ಗುಣಮಟ್ಟ ಅಳೆಯಬೇಕೆನಿಸಿದರೆ ನಾನು ಮೊದಲು ತೆರೆಯುವುದು ಅದರ ಬರೆಯುವ ಪೆಟ್ಟಿಗೆಯನ್ನೇ.

ಪಟ್ಟಿ ಮತ್ತು ಕೋಷ್ಟಕಗಳಲ್ಲಿ ದತ್ತಾಂಶ ಬೇರೆ, ನೋಟ ಬೇರೆ ಎಂಬ ವಿಂಗಡಣೆಯೂ ಮೂಲ ಘಟಕಗಳ ಸಾಲಿಗೆ ಸೇರುತ್ತದೆ. ಈ ವಿಚಾರವನ್ನು ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ 1979ರ ಹೊತ್ತಿಗೆ ಟ್ರಿಗ್ವೆ ರೀನ್‌ಸ್ಕೌಗ್ ಮಾಡೆಲ್ (ದತ್ತಾಂಶ), ವ್ಯೂ (ನೋಟ), ಕಂಟ್ರೋಲರ್ (ಬಳಕೆದಾರರ ಸೂಚನೆ ನಿಭಾಯಿಸುವುದು) ಎಂದು ರೂಪಿಸಿದರು. ನಿಮ್ಮ ಫೈಲ್‌ನಲ್ಲಿ ಐದು ಲಕ್ಷ ಸಾಲುಗಳಿದ್ದರೆ ಐದು ಲಕ್ಷ ಲೇಬಲ್‌ಗಳನ್ನು ಸೃಷ್ಟಿಸುವುದು ಅವಿವೇಕ. ಪರದೆಯಲ್ಲಿ ಒಮ್ಮೆಗೆ ಕಾಣುವುದು ಮೂವತ್ತೋ ನಲವತ್ತೋ ಸಾಲುಗಳಾದ್ದರಿಂದ, ಪಟ್ಟಿಯ ವಿಜೆಟ್ ತನಗೆ ಬೇಕಾದ ಸಾಲನ್ನು ಮಾಡೆಲ್‌ನಿಂದ ಬೇಕಾದಾಗ ಕೇಳಿ ಪಡೆಯುತ್ತದೆ, ಮೇಲೆ ಸರಿದು ಮರೆಯಾದ ಸಾಲಿನ ವಿಜೆಟ್ ಅನ್ನೇ ಕೆಳಗೆ ಹೊಸ ಸಾಲಿಗೆ ಬಳಸುತ್ತದೆ. ನೀವು ಬರೆಯುತ್ತಿರುವ ಪ್ರೋಗ್ರಾಂ ಫೈಲ್‌ನ ಸಾಲುಗಳನ್ನು ತೋರಿಸುವುದಾದರೆ ಥ್ರೆಡ್ ಬೇರ್ಪಡಿಸಿದ ನಂತರ ಮಾಡಬೇಕಾದ ಮುಂದಿನ ಬದಲಾವಣೆ ಇದೇ.

ಇನ್ನೊಂದು ಮರವೂ ಇದೆ, ಕಣ್ಣಿಗೆ ಕಾಣದ್ದು. ಪ್ರತಿ ವಿಜೆಟ್‌ನ ಪಾತ್ರ, ಹೆಸರು, ಸ್ಥಿತಿಗಳನ್ನು ಟೂಲ್‌ಕಿಟ್ ಸಿಸ್ಟಂಗೆ ಒದಗಿಸುತ್ತದೆ, ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಓದುವುದು ಅದನ್ನು. ಸಿದ್ಧ ವಿಜೆಟ್‌ಗಳಲ್ಲಿ ಇದು ತಾನಾಗಿ ಬರುತ್ತದೆ. ಚಿತ್ರ ಮಾತ್ರವಿರುವ ಬಟನ್‌ಗೆ ಹೆಸರು ಕೊಡುವುದು ಮಾತ್ರ ನಿಮ್ಮ ಹೊಣೆ.

ಕೊನೆಗೆ ಹಳತೋ ಹೊಸತೋ ಎಂಬ ಪ್ರಶ್ನೆ. ಹಳೆಯ ಮಾದರಿಯಲ್ಲಿ ಮರವನ್ನು ನೀವು ಒಮ್ಮೆ ಕಟ್ಟಿ, ಆಮೇಲೆ ಸಂದರ್ಭ ಬಂದಂತೆ ಕೈಯಾರೆ ತಿದ್ದುತ್ತಾ ಹೋಗುತ್ತೀರಿ. ಆಯ್ಕೆಯಾದ ಫೈಲ್‌ಗಳ ಸಂಖ್ಯೆ ಬದಲಾದರೆ ಲೇಬಲ್ ತಿದ್ದಬೇಕು, ಅಳಿಸುವ ಬಟನ್ ಅನ್ನು ಸಕ್ರಿಯಗೊಳಿಸಬೇಕು, ಮೆನುವಿನಲ್ಲಿರುವ ಅದರ ಜೋಡಿಯನ್ನೂ ಸಕ್ರಿಯಗೊಳಿಸಬೇಕು. ಇವುಗಳಲ್ಲಿ ಒಂದನ್ನು ಮರೆತರೆ ಪರದೆ ಸುಳ್ಳು ಹೇಳತೊಡಗುತ್ತದೆ. 2013ರಲ್ಲಿ ಬಂದ ರಿಯಾಕ್ಟ್, ನಂತರದ ಫ್ಲಟರ್, 2019ರ ಸ್ವಿಫ್ಟ್‌ಯುಐ, 2021ರಲ್ಲಿ 1.0 ತಲುಪಿದ ಕಂಪೋಸ್ ಇವು ನಿಮ್ಮಿಂದ ಕೇಳುವುದು ಈಗಿನ ಸ್ಥಿತಿಗೆ ಪರದೆ ಹೇಗಿರಬೇಕೆಂಬ ವಿವರಣೆಯನ್ನು ಮಾತ್ರ. ಸ್ಥಿತಿ ಬದಲಾದಾಗ ಹೊಸ ವಿವರಣೆಯನ್ನು ಪಡೆದು, ಹಿಂದಿನದರೊಂದಿಗೆ ತಾಳೆ ನೋಡಿ, ಬೇಕಾದಷ್ಟನ್ನೇ ತಿದ್ದುವುದು ಅವುಗಳ ಕೆಲಸ. ಮರೆವಿನಿಂದ ಬರುವ ತಪ್ಪುಗಳು ಇದರಿಂದ ನಿಜಕ್ಕೂ ಕಡಿಮೆಯಾಗುತ್ತವೆ. ಆದರೆ ಒಳಗಿನ ಮರ ಎಲ್ಲಿಗೂ ಹೋಗಿರುವುದಿಲ್ಲ. ಫ್ಲಟರ್‌ನಲ್ಲಂತೂ ನೀವು ಬರೆದ ವಿವರಣೆಯದೊಂದು, ಅದರ ಜೀವಿತಾವಧಿ ನೋಡಿಕೊಳ್ಳುವುದೊಂದು, ಲೇಔಟ್ ಮತ್ತು ಚಿತ್ರಣದ್ದೊಂದು ಎಂದು ಮೂರು ಮರಗಳಿವೆ. ಇದನ್ನು ತಿಳಿಯದವರು ಎಡವುವ ಜಾಗ ಹೀಗಿರುತ್ತದೆ: ಪಟ್ಟಿಯ ಪ್ರತಿ ಸಾಲಿನಲ್ಲೂ ಬರೆಯುವ ಪೆಟ್ಟಿಗೆಯಿದೆ, ಬಳಕೆದಾರರು ಎರಡನೆಯದರಲ್ಲಿ ಏನೋ ಬರೆದಿದ್ದಾರೆ, ಮೊದಲ ಸಾಲನ್ನು ಅಳಿಸಿದಾಗ ಅವರು ಬರೆದದ್ದು ತಪ್ಪು ಸಾಲಿನಲ್ಲಿ ಉಳಿಯುತ್ತದೆ. ತಾಳೆ ನೋಡುವಾಗ ಸಾಲುಗಳನ್ನು ಗುರುತಿಸಲು ಪ್ರತಿಯೊಂದಕ್ಕೂ ತನ್ನದೇ ಗುರುತು (ಇದನ್ನೂ ಕೀ ಎನ್ನುತ್ತಾರೆ) ಕೊಟ್ಟಿರದಿದ್ದರೆ, ಎರಡನೆಯ ಸ್ಥಾನದಲ್ಲಿರುವುದು ಹಳೆಯ ಎರಡನೆಯ ಸಾಲೇ ಎಂದು ಟೂಲ್‌ಕಿಟ್ ತಿಳಿದುಬಿಡುತ್ತದೆ.

ಆದ್ದರಿಂದ ನಿಮ್ಮ ಕೆಲಸಕ್ಕೆ ಡಿಕ್ಲರೇಟಿವ್ ಮಾದರಿಯನ್ನೇ ಆರಿಸಿಕೊಳ್ಳಿ, ಆದರೆ ಅದಕ್ಕೂ ಮುಂಚೆ ಕ್ಯೂಟಿ, ಜಿಟಿಕೆ, ಟಿಕೆ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ, ಸಿದ್ಧ ಬಟನ್ ಬಳಸದೆ, ಖಾಲಿ ವಿಜೆಟ್ ಒಂದರಿಂದ ಬಟನ್ ಅನ್ನು ನೀವೇ ಕಟ್ಟಿ. ಮೌಸ್ ಹೊರಗೆಳೆದು ಬಿಟ್ಟಾಗ ಸುಮ್ಮನಿರುವುದು, ಟ್ಯಾಬ್ ಮತ್ತು ಸ್ಪೇಸ್ ಕೀಗಳು, ಫಾಂಟ್ ದೊಡ್ಡದಾದಾಗ ಅಪೇಕ್ಷಿತ ಗಾತ್ರ ತಾನಾಗಿ ಬೆಳೆಯುವುದು, ಸ್ಥಿತಿ ಬದಲಾದಾಗ ತನ್ನ ಆಯತವನ್ನಷ್ಟೇ ಹಳತೆಂದು ಗುರುತಿಸುವುದು, ಇಷ್ಟೂ ಅದರಲ್ಲಿರಲಿ. ಆಮೇಲೆ ಅದೇ ಟೂಲ್‌ಕಿಟ್‌ನ ಸಿದ್ಧ ಬಟನ್‌ನ ಮೂಲ ಕೋಡ್ ತೆರೆದು ನಿಮ್ಮದರ ಪಕ್ಕದಲ್ಲಿಟ್ಟು ಓದಿ. ಮೂರೂ ಮುಕ್ತವಾಗಿ ದೊರೆಯುತ್ತವೆ.